ಮದುಮಗನ ಕಳ್ಳಕಿಸೆ

ನನ್ನನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಕೊಡುವವರು ನೆಲದ ಮೇಲೋ ಮೇಜಿನ ಮೇಲೋ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬೇಕಾದವರು ಆಮೇಲೆ ಬಗ್ಗಿ ಎತ್ತಿಕೊಳ್ಳುತ್ತಾರೆ. ಚಾಕು ಕೈಯಿಂದ ಕೈಗೆ ಹೋದರೆ ಆ ಎರಡು ಕೈಗಳ ನಡುವೆ ಜಗಳ ಹುಟ್ಟುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಉಪ್ಪಿಗೂ ಇದೇ ಕಟ್ಟಳೆ ಇದೆಯಂತೆ. ಆದರೆ ಉಪ್ಪು ಸಾರಿನಲ್ಲಿ ಕರಗಿ ಹೋಗುತ್ತದೆ, ನಾನು ಉಳಿಯುತ್ತೇನೆ. ಒಂದು ಕೈ ಬಿಟ್ಟ ಮೇಲೆ, ಇನ್ನೊಂದು ಕೈ ಎತ್ತುವ ಮೊದಲು, ಮೇಜಿನ ಮೇಲೆ ನಾನೊಂದೇ ಇರುವ ಸಣ್ಣ ಹೊತ್ತು ಒಂದಿದೆ. ನನ್ನ ಆಯುಷ್ಯವನ್ನೆಲ್ಲ ಹಿಂಡಿದರೆ ಆ ಹೊತ್ತೇ ಹೆಚ್ಚು ಸಿಗುತ್ತದೇನೋ.

ನಾನು ಮಡಚುವ ಚಾಕು. ಮಡಚಿದರೆ ಗಂಡಸಿನ ನಡುಬೆರಳಿನಷ್ಟು ಉದ್ದ, ಬಿಸ್ಕೀಟಿನಷ್ಟು ತೆಳುವು. ಎಮ್ಮೆ ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆಗಳು. ಹೊಟ್ಟೆಯೊಳಗಿನ ಅಲಗು ಒಂದು ಕಾಲದಲ್ಲಿ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯಾಗಿತ್ತು. ಲಾರಿ ಮುರಿದ ಮೇಲೆ ಆ ಪಟ್ಟಿ ಗದಗಿನ ಕಮ್ಮಾರ ಮೌನೇಶನ ಕುಲುಮೆಗೆ ಬಂತು. ಅಲ್ಲಿ ಕೆಂಪಾಗಿ, ಪೆಟ್ಟು ತಿಂದು, ನೀರು ಕುಡಿದು ನಾನಾದೆ.

ನನ್ನನ್ನು ಮಾಡಿಸಿದವನು ಪುಂಡಲೀಕ ಎಂಬ ಸಿಂಪಿಗ. ನಮ್ಮ ಕಡೆ ಬಟ್ಟೆ ಹೊಲಿಯುವ ಕುಲದವರಿಗೆ ಸಿಂಪಿಗರು ಎನ್ನುತ್ತಾರೆ. ಅವನು ಕುಲುಮೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ನನ್ನ ಅಳತೆ ಹೇಳಿದ. ಹೇಳಿದ್ದು ತೆಳುವಿನ ಮಾತೇ ಹೊರತು ಹರಿತದ ಮಾತಲ್ಲ.

"ಏನ ಕೊಯ್ಯಾಕ ಬೇಕಾಗೇತ್ರಿ?" ಎಂದ ಮೌನೇಶ.

"ಏನೂ ಕೊಯ್ಯಾಕಲ್ಲಪಾ. ಕಿಸೇದಾಗ ಸುಮ್ಮನ ಕುಂದ್ರಾಕ."

"ಸುಮ್ಮನ ಕುಂದ್ರಾಕ ಚಾಕು ಯಾಕ್ರಿ? ಒಂದು ಬಾಚಣಿಕಿ ಇಟ್ಕೋರಿ."

ಇಬ್ಬರೂ ನಕ್ಕರು. ನಾನು ಹುಟ್ಟುವ ಮೊದಲೇ ನನ್ನ ಮೇಲೆ ಬಿದ್ದ ನಗೆ ಅದು. ಆದರೆ ಪುಂಡಲೀಕನ ಮಾತಿಗೆ ಅರ್ಥವಿತ್ತು. ಅರಿಶಿಣ ಹಚ್ಚಿದ ಗಳಿಗೆಯಿಂದ ಕಂಕಣ ಬಿಚ್ಚುವವರೆಗೆ ಮದುಮಗ ಕಬ್ಬಿಣ ಬಿಟ್ಟಿರಬಾರದು. ಬಿಟ್ಟರೆ ದೃಷ್ಟಿ ತಾಗುತ್ತದೆ, ಸೋಕು ಹಿಡಿಯುತ್ತದೆ ಎಂದು ಹಿರಿಯರ ಹೆದರಿಕೆ. ಧೋತರ, ಪೇಟದ ಕಾಲದಲ್ಲಿ ಮದುಮಗ ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿಯನ್ನು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದ. ಯಾರಿಗೂ ವಿಚಿತ್ರ ಎನಿಸುತ್ತಿರಲಿಲ್ಲ. ಆಮೇಲೆ ಸೂಟು ಬಂತು, ಟೈ ಬಂತು, ಸಂಜೆ ಕುರ್ಚಿಯ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವುದು ಬಂತು. ಪುಂಡಲೀಕ ಹೊಲಿದ ಸೂಟು ತೊಟ್ಟು, ಚೂರಿ ಹಿಡಿದು ಕುಳಿತ ಮದುಮಗನೊಬ್ಬನನ್ನು ನೋಡಿ ಫೋಟೋದವನು, "ಇಂವಾ ಮದುವಿಗೆ ಬಂದಾನೋ, ಬ್ಯಾಂಕ ಲೂಟಿಗೆ ಬಂದಾನೋ?" ಎಂದನಂತೆ. ಸೂಟು ಹೊಲಿದವನಿಗೆ ಆ ಮಾತು ಚುಚ್ಚಿತು.

ಅದಕ್ಕೇ ಪುಂಡಲೀಕ ಕೋಟಿನ ಒಳಗೆ, ಎಡಗಡೆಯ ಕಂಕುಳಿಗಿಂತ ಸ್ವಲ್ಪ ಕೆಳಗೆ, ಅಸ್ತರಿನ ಹೊಲಿಗೆಯಲ್ಲೇ ಒಂದು ಸೀಳು ಬಿಟ್ಟು ಕಳ್ಳಕಿಸೆ ಹೊಲಿದ. ಜಾರದಂತೆ ಒಳಗೆ ಒಂದು ತುಂಡು ಫ್ಲಾನೆಲ್ ಕೊಟ್ಟ. ನಾನು ಅದರೊಳಗೆ ಕುಳಿತರೆ ಹೊರಗಿನಿಂದ ಒಂದು ನೆರಿಗೆಯೂ ಏಳುತ್ತಿರಲಿಲ್ಲ. ತೊಟ್ಟವನಿಗೂ ಉಸಿರು ಎಳೆದಾಗ ಮಾತ್ರ ನಾನಿರುವುದು ಗೊತ್ತಾಗುತ್ತಿತ್ತು.

ಆ ಕಿಸೆಯಲ್ಲಿ ನಾನು ಮೊದಲು ಕುಳಿತದ್ದು ಪುಂಡಲೀಕನ ಹಿರಿಯ ಮಗ ಏಕನಾಥನ ಮದುವೆಯಲ್ಲಿ. ಒಳ್ಳೆಯ ಕಿಸೆ, ಒಳ್ಳೆಯ ಎದೆ. ಪಕ್ಕದಲ್ಲಿ ಕುಳಿತ ಮದುಮಗಳು ಇಂದಿರಾ ಒಮ್ಮೆ ಮೆಲ್ಲಗೆ, "ಕಬ್ಬಿಣ ಐತೇನ್ರಿ?" ಎಂದು ಕೇಳಿದಳು. ಅವನು ಎದೆ ಮುಟ್ಟಿಕೊಂಡು ತಲೆಯಾಡಿಸಿದ. ಅವಳ ಮೊದಲ ಮಾತು ನನ್ನ ವಿಷಯದ್ದಾಗಿತ್ತೆಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಅಲ್ಲಿಂದ ಆ ಅಂಗಡಿಯಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಯಾರೇ ಮದುವೆಯ ಸೂಟು ಹೊಲಿಸಲಿ, ಕಳ್ಳಕಿಸೆಯೂ ನಾನೂ ಅದರ ಜೊತೆಗೆ. ಮದುವೆ ಮುಗಿದ ಮೇಲೆ ನಾನು ತಿರುಗಿ ಬರಬೇಕು. ಹೀಗೆ ಎಷ್ಟೋ ಎದೆಗಳ ಪಕ್ಕ ಕುಳಿತೆ. ಶಾಲೆ ಮಾಸ್ತರನ ಎದೆ, ಎಣ್ಣೆ ಗಿರಣಿಯವನ ಎದೆ, ಅಕ್ಷತೆ ಬೀಳುವ ತನಕ ಓಡಿ ಹೋಗುವ ಲೆಕ್ಕ ಹಾಕುತ್ತಿದ್ದ ಪೋಸ್ಟ್‌ಮನ್ನನ ಎದೆ. ಮುಖದಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಒಳಗೆ ಏನು ನಡೆದಿದೆ ಎಂಬುದು ನನ್ನ ಜಾಗದಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಆದರೆ ಅವರಲ್ಲಿ ಯಾರೂ ನನ್ನವರಲ್ಲ. ಮಾರನೆಯ ದಿನ ಅಂಗಡಿಗೆ ಬಂದು ಮೇಜಿನ ಮೇಲೆ ನನ್ನನ್ನು ಇಟ್ಟು, "ಇಟ್ಟೀನ್ರಿ" ಎಂದು ಹೋಗುತ್ತಿದ್ದರು. ಮಡಚಿದ ನನ್ನನ್ನು ತೆರೆದು ನೋಡಿದವರೂ ಕಡಿಮೆ.

ಪುಂಡಲೀಕ ತೀರಿಕೊಂಡ. ಕೊನೆಗಾಲದಲ್ಲಿ ಅವನಿಗೆ ದೊಡ್ಡ ಹೊಟ್ಟೆ ಬಂದಿತ್ತು. ಯಂತ್ರದ ಮುಂದೆ ಕುಳಿತರೆ ಹೊಟ್ಟೆ ಹಲಗೆಗೆ ತಾಗುತ್ತಿತ್ತು. ಅವನ ಜಾಗದಲ್ಲಿ ಏಕನಾಥ ಕುಳಿತ. ಪಕ್ಕದ ಯಂತ್ರದಲ್ಲಿ ತಮ್ಮ ಸೋಪಾನ. ಅಣ್ಣನಿಗೂ ತಮ್ಮನಿಗೂ ಹತ್ತು ವರ್ಷದ ಅಂತರ, ಹಾಗಾಗಿ ಸೋಪಾನನಿಗೆ ಅಣ್ಣನೇ ಅಪ್ಪ. ಕತ್ತರಿ ಹಿಡಿಯುವುದನ್ನು ಕಲಿಸಿದವನೂ ಅವನೇ, ತಲೆಗೆ ಮೊಟಕಿದವನೂ ಅವನೇ. ಸೋಪಾನನಿಗೆ ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿ, ಬಗ್ಗಿ ನೋಡಿ, ಮತ್ತೆ ನಾಲ್ಕು ಹಾಕುವ ಚಾಳಿ. ಅವನ ಯಂತ್ರ ಟರ್‍ರ್ ಎಂದು ಹೋಗಿ ನಿಲ್ಲುವುದು, ಟರ್‍ರ್ ಎಂದು ಹೋಗಿ ನಿಲ್ಲುವುದು.

"ಸಣ್ಣ ಸ್ಟೇಶನ್ನಿಗೆಲ್ಲಾ ನಿಂದರಬ್ಯಾಡೋ, ಮೇಲ್ ಗಾಡಿ ಹೊಡಿ" ಎನ್ನುತ್ತಿದ್ದ ಏಕನಾಥ.

"ನಿನ್ನ ಮೇಲ್ ಗಾಡಿ ಒಮ್ಮೊಮ್ಮೆ ಹಳಿ ಬಿಟ್ಟ ಹೊಕ್ಕೈತಲ್ಲ ಅಣ್ಣಾ!"

ಅವರವ್ವ ರುಕುಮವ್ವ ಒಳಗಿನಿಂದ ಕೇಳಿ ನಗುತ್ತಿದ್ದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ.

ಸೋಪಾನನಿಗೆ ಹುಬ್ಬಳ್ಳಿಯ ಹೆಣ್ಣು ನಿಶ್ಚಯವಾಯಿತು. ವತ್ಸಲಾ ಎಂದು ಹೆಸರು. ಏಕನಾಥ ತಮ್ಮನಿಗಾಗಿ ಕಬ್ಬಿಣದ ಬಣ್ಣದ ಬಟ್ಟೆ ತಂದ. ದಿನವೆಲ್ಲ ಗಿರಾಕಿಗಳ ಕೆಲಸ, ಹಾಗಾಗಿ ಬೆಳಗ್ಗೆ ಅಂಗಡಿ ತೆರೆಯುವ ಮೊದಲು, ಒಂದು ಲೋಟ ಚಹಾ ಪಕ್ಕದಲ್ಲಿಟ್ಟುಕೊಂಡು ಹೊಲಿಯುತ್ತಿದ್ದ. ಚಹಾ ಆರಿ ಹೋಗುತ್ತಿತ್ತು. ಕೊರಳಪಟ್ಟಿಯನ್ನು ಬಿಚ್ಚಿ ಬಿಚ್ಚಿ ಮತ್ತೆ ಹೊಲಿದ. ನನ್ನನ್ನು ಕಳ್ಳಕಿಸೆಯಲ್ಲಿ ಇಟ್ಟು, ಕೋಟನ್ನು ಗೂಟಕ್ಕೆ ತೂಗಿಸಿ, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ನೆರಿಗೆ ಇರಲಿಲ್ಲ. ಯಾರಿಗೂ ಏನೂ ಹೇಳದೆ ತನ್ನಷ್ಟಕ್ಕೆ ತಲೆಯಾಡಿಸಿದ. ಗಿರಾಕಿಗಳಿಗೆ ಹೊಲಿದ ಯಾವ ಕೋಟನ್ನೂ ಅವನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಮದುವೆ ಹುಬ್ಬಳ್ಳಿಯಲ್ಲಿ. ಬೆಳಗಿನ ಅಕ್ಷತೆಗೆ ಸೋಪಾನ ಧೋತರದಲ್ಲಿದ್ದ, ನಾನು ಅವನ ಸೊಂಟದಲ್ಲಿದ್ದೆ. ಸಂಜೆ ಸ್ನಾನಕ್ಕೆ ಹೋಗುವಾಗ ಅವನು ನನ್ನನ್ನು ಅಣ್ಣ ಹೊಲಿದ ಕೋಟಿನ ಕಳ್ಳಕಿಸೆಗೆ ಸೇರಿಸಿ ಹೋದ. ಬಂದು ತೊಡಬೇಕು, ಅಷ್ಟೇ. ನಾನು ಕಾಯುತ್ತಿದ್ದೆ.

ಅವನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಅವನ ಮಾವ ಕೋಣೆಗೆ ಬಂದ, ಜೊತೆಗೆ ಇನ್ನಿಬ್ಬರು ಹಿರಿಯರು. ಕೈಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಮುಂಬೈಯಿಂದ ತರಿಸಿದ ರೆಡಿಮೇಡ್ ಸೂಟು.

"ಆಯೇರಿ ಅಳಿಯಂದ್ರ, ಇದನ್ನ ತೊಟ್ಟು ಸ್ಟೇಜಿಗೆ ಬರ್‍ರಿ" ಎಂದ ಮಾವ. ಆಯೇರಿ ಎಂದರೆ ಮದುವೆಯಲ್ಲಿ ಬೀಗರು, ಬಂಧುಗಳು ಕೊಡುವ ಬಟ್ಟೆಯ ಉಡುಗೊರೆ. ಅದನ್ನು ಒಲ್ಲೆ ಎನ್ನುವ ಹಾಗಿಲ್ಲ. ಕೊಟ್ಟವರ ಕಣ್ಣೆದುರು ಮೈಮೇಲೆ ಹಾಕಿಕೊಳ್ಳದಿದ್ದರೆ ಆ ಮನೆತನಕ್ಕೇ ಅವಮಾನ.

"ಅಣ್ಣ ಹೊಲದಾನ್ರಿ..." ಎಂದ ಸೋಪಾನ. ದನಿ ಗಂಟಲಲ್ಲೇ ಇತ್ತು.

"ಹೊಲೀಲಿ ಬಿಡ್ರಿ. ಅಣ್ಣನ ಕೋಟು ಮನ್ಯಾಗ ಇರತೈತಿ, ನಾಳೆ ತೊಡಾಕ ಬರತೈತಿ. ಇವತ್ತ ನಮ್ಮದು."

ಸೋಪಾನ ಮಾವನ ಸೂಟು ತೊಟ್ಟ. ಹೋಗುವ ಮುಂಚೆ ಗೂಟದ ಹತ್ತಿರ ಬಂದು ಅಣ್ಣನ ಕೋಟಿನ ತೋಳನ್ನು ಒಂದು ಸಲ ಹಿಡಿದು ಬಿಟ್ಟ. ಮದುವೆಯ ಮನುಷ್ಯರ ಗದ್ದಲದಲ್ಲಿ ನನ್ನನ್ನು ಮರೆತ. "ಅಣ್ಣ ಹೊಲದಾನ್ರಿ" ಎಂದು ಅವನು ಹೇಳಿದ್ದಕ್ಕೆ, ಆ ತೋಳು ಹಿಡಿದದ್ದಕ್ಕೆ, ನಮ್ಮ ಕಡೆಯವರಲ್ಲಿ ಸಾಕ್ಷಿ ನಾನೊಂದೇ. ಬಾಯಿಲ್ಲದ ಸಾಕ್ಷಿ.

ಸ್ಟೇಜಿನ ಮೇಲೆ ಬೇರೆ ಕೋಟು ತೊಟ್ಟ ಮಗನನ್ನು ನೋಡಿ ರುಕುಮವ್ವ ಏಕನಾಥನ ತೋಳು ಹಿಡಿದಳು. ಆಕೆಗೆ ಕೋಟಿನ ಚಿಂತೆ ಇರಲಿಲ್ಲ. "ಏಕನಾಥಾ, ಅವನ ಮೈಮ್ಯಾಲ ಕಬ್ಬಿಣ ಇಲ್ಲಲ್ಲೋ! ಓಡು!" ಎಂದಳು.

ಏಕನಾಥ ಕೋಣೆಗೆ ಬಂದ. ಗೂಟದ ಮೇಲೆ ತೂಗುತ್ತಿದ್ದ ತನ್ನ ಕೋಟನ್ನು ನೋಡಿ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಳ್ಳಕಿಸೆಗೆ ಕೈ ಹಾಕಿ ನನ್ನನ್ನು ತೆಗೆದುಕೊಂಡ. ಅಂಗೈಯಲ್ಲಿ ಮುಚ್ಚಿಕೊಂಡು, ಮುಯ್ಯಿ ಮಾಡುವವರ ಸಾಲಿನಲ್ಲಿ ನಿಂತು ಸ್ಟೇಜು ಹತ್ತಿದ. ಎದುರಿಗೆ ಫೋಟೋದವನು, ದೀಪ, ಬೀಗರು, ಇಡೀ ಮಂಟಪ. ಅಲ್ಲಿ ಚಾಕು ನೆಲಕ್ಕಿಟ್ಟು, ಮದುಮಗ ಅದನ್ನು ಬಗ್ಗಿ ಎತ್ತಿಕೊಳ್ಳುವುದೆಂದರೆ ಏನಾದೀತು? ಅಣ್ಣ ಕೈ ಚಾಚಿದ. ತಮ್ಮ ಕೈ ಕೊಟ್ಟ. ಹಸ್ತಲಾಘವದೊಳಗೆ ನಾನು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹೋದೆ.

ನನ್ನ ಜೀವನದಲ್ಲಿ ಅದೇ ಮೊದಲು. ಎರಡೂ ಕಡೆ ಬೆಚ್ಚಗೆ. ಒಂದು ಅಂಗೈ ಒರಟು, ಕತ್ತರಿಯ ದಡ್ಡು ಬಿದ್ದದ್ದು. ಇನ್ನೊಂದು ಬೆವರಿದ್ದು. ಕುಲುಮೆಯ ಬೆಂಕಿಯಲ್ಲೂ ನನಗೆ ಅಷ್ಟು ಬೆಚ್ಚಗಾಗಿರಲಿಲ್ಲ. ಕಟ್ಟಳೆ ಮುರಿಯಿತು ಎಂದು ನನಗೆ ಆಗ ಹೊಳೆಯಲೇ ಇಲ್ಲ. ಮೇಜು ಇಲ್ಲ, ನೆಲ ಇಲ್ಲ, ನಡುವಿನ ಒಂಟಿ ಹೊತ್ತು ಇಲ್ಲ.

"ಅಣ್ಣಾ..." ಎಂದ ಸೋಪಾನ.

"ಕಿಸೇದಾಗ ಇಟ್ಕೋ" ಎಂದು ಏಕನಾಥ ಇಳಿದು ಹೋದ.

ರೆಡಿಮೇಡ್ ಕೋಟಿನ ಕಿಸೆಗಳ ಬಾಯಿಯನ್ನು ಹೊಲಿದುಬಿಟ್ಟಿರುತ್ತಾರೆ, ಮಾರಾಟವಾಗುವ ತನಕ ಆಕಾರ ಕೆಡದಿರಲಿ ಎಂದು. ಅದನ್ನು ಬಿಚ್ಚುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಸೋಪಾನನ ಬೆರಳುಗಳು ಎಡಕ್ಕೆ ತಡಕಿದವು, ಬಲಕ್ಕೆ ತಡಕಿದವು. ಕೊನೆಗೆ ನನ್ನನ್ನು ಪ್ಯಾಂಟಿನ ಕಿಸೆಗೆ ತುರುಕಿದ. ಆ ಸಂಜೆಯ ಎಲ್ಲ ಫೋಟೋಗಳಲ್ಲೂ ಮದುಮಗನ ತೊಡೆಯ ಮೇಲೆ ಒಂದು ಉಬ್ಬು ಇದೆ. ಅದು ನಾನು.

ಮದುವೆ ಮುಗಿದು ಮರಳಿದ ಮೇಲೆ ಸೋಪಾನ ನನ್ನನ್ನು ಕಟಿಂಗ್ ಮೇಜಿನ ಮೇಲೆ ಇಟ್ಟ. "ಇಟ್ಟೀನಿ ಅಣ್ಣಾ."

ಏಕನಾಥ ತಲೆ ಎತ್ತಲಿಲ್ಲ. ಎತ್ತಿದ್ದರೆ ಸೋಪಾನ ಆ ಕೋಣೆಯಲ್ಲಿ ನಡೆದದ್ದನ್ನು ಹೇಳುತ್ತಿದ್ದ ಎಂದು ನನಗೆ ಅನಿಸುತ್ತದೆ. ಸೋಪಾನ ತಾನಾಗಿ ಹೇಳಿದ್ದರೆ ಏಕನಾಥ ತಲೆ ಎತ್ತುತ್ತಿದ್ದ. ಒಬ್ಬ ಹೇಳಲಿ ಎಂದು ಇನ್ನೊಬ್ಬ, ಕೇಳಲಿ ಎಂದು ಮತ್ತೊಬ್ಬ. ನಾನು ಇಬ್ಬರ ನಡುವೆ ಮೇಜಿನ ಮೇಲೆ ಬಿದ್ದಿದ್ದೆ. ಆ ದಿನ ಕತ್ತಲಾಗುವ ತನಕ ನನ್ನನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಕೆಲವು ವಾರಗಳ ಮೇಲೆ ಸೋಪಾನ ಒಂದು ಪ್ಯಾಂಟಿನ ಬಟ್ಟೆಯನ್ನು ಅಡ್ಡ ಕತ್ತರಿಸಿಬಿಟ್ಟ. ಸಣ್ಣ ತಪ್ಪು, ಯಾರೂ ಮಾಡುವಂಥದ್ದು. ಏಕನಾಥ, "ನಿನಗ್ಯಾಕ ಕತ್ತರಿ? ನಿನಗ ರೆಡಿಮೇಡ್ ಹಿಡಸತೈತಿ, ಮುಂಬೈಕ ಹೋಗು" ಎಂದ.

ಗಿರಾಕಿಗಳ ಎದುರು ಅಂದ ಮಾತು. ಸೋಪಾನನ ಮುಖ ಕಪ್ಪಾಯಿತು. "ಮುಂಬೈ ಯಾಕ, ಎದುರಿಗೇ ಹೊಕ್ಕೀನಿ" ಎಂದ. ಹೋದ ಕೂಡ. ಓಣಿಯ ಆಚೆ, ನಮ್ಮ ಬಾಗಿಲಿಗೆ ಎದುರಿನ ಬಾಗಿಲಲ್ಲಿ, ಬೇರೆ ಅಂಗಡಿ ಹಾಕಿದ.

ರುಕುಮವ್ವ ಅಳುತ್ತಾ ಕಾರಣ ಹುಡುಕಿದಳು. ಸ್ಟೇಜಿನ ಮೇಲೆ ಚಾಕು ಹೇಗೆ ಕೊಟ್ಟೆ ಎಂದು ಏಕನಾಥನನ್ನು ಕೇಳಿದಳು. ಅವನು ಹೇಳಿದ. ಆಕೆ ಹಣೆ ಬಡಿದುಕೊಂಡಳು. "ಕೈಯಾಗ ಕೈ ಇಟ್ಟು ಕೊಟ್ಟೇನೋ ಅದನ್ನ! ಮತ್ತೇನ ಆದೀತು? ಒಡಹುಟ್ಟಿದವರನ್ನ ಕೊಯ್ತಲ್ಲೋ ಅದು!"

ಒಂದು ನೂಲನ್ನೂ ಕೊಯ್ಯದ ನನ್ನ ಮೇಲೆ ಈ ಮಾತು ಬಂತು. ಇನ್ನು ಯಾವ ಮದುವೆಗೂ ನನ್ನನ್ನು ಕೊಡಕೂಡದು ಎಂದು ತೀರ್ಮಾನವಾಯಿತು. ಏಕನಾಥ ನನ್ನನ್ನು ಆ ಕಬ್ಬಿಣದ ಬಣ್ಣದ ಕೋಟಿನ ಕಳ್ಳಕಿಸೆಗೆ ಹಾಕಿ, ಕೋಟನ್ನು ಮಡಚಿ, ನುಸಿ ಹಿಡಿಯದಿರಲೆಂದು ಹಾಕುವ ಡಾಂಬರ ಗುಳಿಗೆಗಳ ನಡುವೆ ಕಪಾಟಿನ ತಳಕ್ಕೆ ಇಟ್ಟ. ನನಗಾಗಿ ಹೊಲಿದ ಅತ್ಯಂತ ಚೆಂದದ ಕಿಸೆ ಅದು. ಆದರೆ ಆ ಕೋಟಿನೊಳಗೆ ಮೈ ಇರಲಿಲ್ಲ.

ಒಂಟಿತನದಲ್ಲಿ ನಾನಾ ನಮೂನೆಗಳಿವೆ. ಮೇಜಿನ ಮೇಲಿನ ಒಂಟಿತನಕ್ಕೆ ಒಂದು ಕೈ ಬರುತ್ತದೆಂಬ ನಿರೀಕ್ಷೆ ಇರುತ್ತದೆ. ಕಪಾಟಿನದಕ್ಕೆ ಅದೂ ಇಲ್ಲ. ಎದೆ ಇರಬೇಕಾದ ಕಡೆ ಮಡಿಕೆ ಬಿದ್ದ ಬಟ್ಟೆ. ಕೋಟಿಗೆ ಮನುಷ್ಯ ಇಲ್ಲ, ನನಗೆ ಕೆಲಸ ಇಲ್ಲ. ನಾವಿಬ್ಬರೂ ಒಂದೇ ಗೂಡಿನಲ್ಲಿ ಇದ್ದೂ ಒಬ್ಬರಿಗೊಬ್ಬರು ಏನೂ ಆಗಲಿಲ್ಲ.

ಕೇಳುವುದೊಂದು ಉಳಿದಿತ್ತು. ಮುಂದಿನ ಕೋಣೆಯಲ್ಲಿ ಏಕನಾಥನ ಯಂತ್ರ, ಮೇಲ್ ಗಾಡಿಯ ಹಾಗೆ ಒಂದೇ ಸಮನೆ. ಓಣಿಯ ಆಚೆಯಿಂದ, ಗಾಳಿ ಇತ್ತ ಬೀಸಿದರೆ, ಇನ್ನೊಂದು ಯಂತ್ರ. ಟರ್‍ರ್ ಎಂದು ಹೋಗಿ ನಿಲ್ಲುವುದು, ಟರ್‍ರ್ ಎಂದು ಹೋಗಿ ನಿಲ್ಲುವುದು. ದೀಪಾವಳಿಯ ಮುಂಚೆ ಕೆಲಸ ಜಾಸ್ತಿ. ಅಂಥ ದಿನಗಳಲ್ಲಿ ಎದುರಿನ ಯಂತ್ರ ನಿಲ್ಲುವ ತನಕ ಇಲ್ಲಿನದು ನಿಲ್ಲುತ್ತಿರಲಿಲ್ಲ. ಇಂದಿರಾ ಊಟಕ್ಕೆ ಕರೆದರೆ ಏಕನಾಥ, "ಇನ್ನೂ ಐತಿ ಕೆಲಸ" ಎನ್ನುತ್ತಿದ್ದ. ಆಚೆಯದು ನಿಂತಿತೆಂದರೆ ಐದು ನಿಮಿಷದಲ್ಲಿ ಇವನ ಕೆಲಸವೂ ಮುಗಿಯುತ್ತಿತ್ತು.

ರುಕುಮವ್ವ ಸತ್ತಳು. ಇಬ್ಬರೂ ಮಕ್ಕಳು ಚಟ್ಟಕ್ಕೆ ಹೆಗಲು ಕೊಟ್ಟರಂತೆ, ಒಬ್ಬ ಮುಂದೆ, ಒಬ್ಬ ಹಿಂದೆ. ಮಾತಾಡಲಿಲ್ಲವಂತೆ. ಅವತ್ತು ಆಕೆಯ ಇಳಕಲ್ ಸೀರೆ ತೆಗೆಯಲು ಕಪಾಟು ತೆರೆದರು. ಒಂದಿಷ್ಟು ಬೆಳಕು ಬಂತು, ಹೋಯಿತು.

ಏಕನಾಥನ ಮಗಳು ಮುಕ್ತಾ ಹುಟ್ಟಿ, ತೊಟ್ಟಿಲು ದಾಟಿ, ಶಾಲೆ ಮುಗಿಸಿ, ಮದುವೆಯ ವಯಸ್ಸಿಗೆ ಬರುವಷ್ಟು ಕಾಲ ನಾನು ಅಲ್ಲೇ ಇದ್ದೆ. ನಡುವೆ ಏಕನಾಥನ ಯಂತ್ರ ನಿಧಾನವಾಯಿತು. ಮೇಲ್ ಗಾಡಿಯೂ ಸಣ್ಣ ಸ್ಟೇಶನ್ನುಗಳಲ್ಲಿ ನಿಲ್ಲತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಕೈ. ಒಂದು ದಿನ ಯಂತ್ರ ನಿಂತೇ ಹೋಯಿತು. ಅಂದಿನಿಂದ ನನಗೆ ಆಚೆಯ ಯಂತ್ರ ಮಾತ್ರ ಕೇಳುತ್ತಿತ್ತು. ಮುಂದಿನ ಕೋಣೆಯಲ್ಲಿ ಸುಮ್ಮನೆ ಕುಳಿತ ಏಕನಾಥನಿಗೂ ಅದೇ ಕೇಳುತ್ತಿದ್ದಿರಬೇಕು.

ಮುಕ್ತಾಳ ಮದುವೆ ನಿಶ್ಚಯವಾದಾಗ ಕಪಾಟಿನ ಮುಂದೆಯೇ ಆ ಮಾತು ಬಂತು.

"ಮಗಳಿಗೆ ಇರೋಂವಾ ಒಬ್ಬನ ಕಾಕಾ. ಅವರಿಗೆ ಆಯೇರಿ ಏನ ಮಾಡೂಣ್ರಿ?" ಎಂದಳು ಇಂದಿರಾ. "ನೀವು ಒಲ್ಲೆ ಅಂದ್ರೂ ನಾ ಕುಂಕುಮ ತಗೊಂಡು ಕರಿಯಾಕ ಹೊಕ್ಕೀನಿ."

ಏಕನಾಥ ಕಪಾಟಿನ ಕಡೆ ಮುಖ ತಿರುಗಿಸಿದ. "ಕಪಾಟಿನ ತಳದಾಗ ಐತಲ್ಲ" ಎಂದ.

"ಅದಾ? ಸೋಪಾನನ ಹೊಟ್ಟಿ ನೋಡೀರೇನು ಈಗ?"

"ಕಣ್ಣಿದ್ದಾಗ ನೋಡೀನಿ. ಬಾಗಲಾ ಎದುರ ಬದುರ ಅಲ್ಲೇನು?"

"ಮತ್ತ ಹ್ಯಾಂಗ ಹಿಡಸೀತು?"

"ಆಯೇರಿ ಅಂದಮ್ಯಾಲೆ ತೊಡಬೇಕು. ಹಿಡಸೋದು ಆಮ್ಯಾಲಿನ ಮಾತು."

ಮದುವೆಗೆ ವಾರ ಇರುವಾಗ, ಒಂದು ಮಧ್ಯಾಹ್ನ, ಸೋಪಾನ ಹೆಂಡತಿಯ ಜೊತೆ ಓಣಿ ದಾಟಿ ಬಂದ. ಹತ್ತು ಹೆಜ್ಜೆಯ ದಾರಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಹೊಸ್ತಿಲಲ್ಲಿ ನಿಂತು ಕೆಮ್ಮಿದ.

"ಒಳಗ ಬಾರಪಾ ಸೋಪಾನ, ಹೊಸಬರ ಹಂಗ ನಿಂತೀಯಲ್ಲ" ಎಂದಳು ಇಂದಿರಾ.

"ಬಂದೆ ವೈನಿ" ಎಂದು ಅತ್ತಿಗೆಗೆ ಹೇಳಿ ಒಳಗೆ ಬಂದ.

ಚಾಪೆ ಹಾಸಿದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ವತ್ಸಲಾಳಿಗೆ ಸೀರೆ, ಸೋಪಾನನಿಗೆ ಕೋಟು. ಕೋಟಿನ ಬಣ್ಣ ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಅವನು ತೋಳು ತೂರಿಸಿದ. ಎಷ್ಟು ವರ್ಷ ಕಾದ ಮೇಲೆ ಆ ಕೋಟಿಗೆ ಮೈ ಬಂತು! ಆದರೆ ಗುಂಡಿಗೂ ಕಾಜಿಗೂ ನಡುವೆ ಒಂದು ಗೇಣು.

ವತ್ಸಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಡುವ ಒಂದು ಕಿಡಕಿ ಇಡಿಸಿಕೊಳ್ರಿ."

"ನಗಬ್ಯಾಡವಾ" ಎಂದ ಏಕನಾಥ. ಅದು ಇಷ್ಟು ವರ್ಷಗಳಲ್ಲಿ ಅವನು ಎದುರು ಮನೆಯವರ ಜೊತೆ ಆಡಿದ ಮೊದಲ ಮಾತು. "ಬದೀಗೆ ಬಟ್ಟಿ ಬಿಟ್ಟೀನಿ. ಬಿಚ್ಚಂತ ಹೇಳು ಅವಂಗ."

ಸೋಪಾನನ ಕೈ ಎಡಗಡೆಯ ಅಸ್ತರಿಗೆ ಹೋಯಿತು. ಅಭ್ಯಾಸದ ಕೈ. ಕಳ್ಳಕಿಸೆಯಿಂದ ನನ್ನನ್ನು ಹೊರಗೆ ತೆಗೆದ. ಅವನು ಉಗುರು ಹಾಕಿ ಅಲಗು ಎಳೆದ. ನಾನು ತುಕ್ಕು ಹಿಡಿದು ಬಿಗಿದುಕೊಂಡಿದ್ದೆ.

"ಬರವಲ್ದು" ಎಂದ, ಯಾರಿಗೂ ಅಲ್ಲ ಎಂಬಂತೆ.

"ಕೊಡಿಲ್ಲೆ" ಎಂದು ಏಕನಾಥ ಕೈ ಚಾಚಿದ.

"ಅಯ್ಯ, ಕೈಯಾಗ ಬ್ಯಾಡ!" ಇಂದಿರಾ ಮುಂದೆ ಬಂದಳು. "ಒಮ್ಮೆ ಆದದ್ದ ಸಾಕು. ನೆಲಕ್ಕ ಇಡಪಾ ಸೋಪಾನ, ಅವರು ತಗೋತಾರ."

"ನೆಲಕ್ಕ ಇಟ್ರ ನನಗ ಕಾಣಬೇಕಲ್ಲ?" ಎಂದ ಏಕನಾಥ. ಕೈ ಹಾಗೇ ಚಾಚಿತ್ತು, ಆದರೆ ಸೋಪಾನನ ಕಡೆಗಲ್ಲ. ಸ್ವಲ್ಪ ಬಾಗಿಲ ಕಡೆಗೆ, ಯಾರೂ ಇಲ್ಲದ ಕಡೆಗೆ.

ಸೋಪಾನ ಆ ಕೈಯನ್ನೇ ನೋಡಿದ. ಆಮೇಲೆ ಸರಿದು ಹೋಗಿ, ಅದು ಚಾಚಿದ ಕಡೆಗೆ ಕುಳಿತು, ನನ್ನನ್ನು ಅಣ್ಣನ ಅಂಗೈಯಲ್ಲಿ ಇಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದ. "ಇನ್ನೇನ ಜಗಳ ಉಳದೈತಿ ವೈನಿ" ಎಂದ. "ಎಲ್ಲಾ ಆಡಿ ಮುಗಿಸೀವಿ."

ಎರಡೂ ಕಡೆ ಬೆಚ್ಚಗೆ. ಒಂದು ಅಂಗೈಯ ದಡ್ಡು ಮೆತ್ತಗಾಗಿತ್ತು. ಇನ್ನೊಂದರಲ್ಲಿ ದಡ್ಡು ಬೆಳೆದಿತ್ತು.

ಏಕನಾಥ ಯಂತ್ರದ ಎಣ್ಣೆ ತರಿಸಿ ನನ್ನ ಕೀಲಿಗೆ ಬಿಟ್ಟ, ಹೆಬ್ಬೆಟ್ಟಿನಿಂದ ಮೆಲ್ಲಗೆ ಅಲುಗಿಸಿದ. ನಾನು ಬಾಯಿ ತೆರೆದೆ. ತಿರುಗಿ ತಮ್ಮನ ಕೈಗೇ ಕೊಟ್ಟ. ಈ ಸಲ ಇಂದಿರಾ ಏನೂ ಅನ್ನಲಿಲ್ಲ. ಸೋಪಾನ ಕೋಟು ಕಳಚಿ ಮಗ್ಗುಲಿನ ಹೊಲಿಗೆಗೆ ನನ್ನ ತುದಿ ತಾಗಿಸಿದ. ಸುಮ್ಮನೆ ಕುಳಿತುಕೊಳ್ಳಲೆಂದು ಹುಟ್ಟಿದ ನಾನು, ಮುಪ್ಪಿನಲ್ಲಿ, ಮೊದಲ ಸಲ ದುಡಿದೆ. ಒಂದೊಂದೇ ಟಾಕು ಬಿಚ್ಚಿದೆ. ಹರಿತ ಸಾಲದು, ಆದರೆ ಆ ದಾರವೂ ಮುದಿಯಾಗಿತ್ತು.

ಹೊಲಿಗೆ ತೆರೆದಾಗ ಒಳಗೆ ಮೂರು ಬೆರಳು ಅಗಲ ಬಟ್ಟೆ. ಯಾವ ದರ್ಜಿಯೂ ಅಷ್ಟು ಬಿಡುವುದಿಲ್ಲ. ಅದರ ಮೇಲೆ ಸೀಮೆಸುಣ್ಣದ ಒಂದು ಗೆರೆ, ಇನ್ನೂ ಅಳಿಸಿರಲಿಲ್ಲ. ಹೊಲಿದ ಗೆರೆಯ ಆಚೆ ಎರಡನೆಯ ಗೆರೆ.

"ಇದು ಯಾವ ಅಳತಿ ಅಣ್ಣಾ?"

"ಅಪ್ಪಂದು. ಕಡೀಕ ಹ್ಯಾಂಗ ಆಗಿದ್ದ ನೆನಪ ಮಾಡಿ ಹಾಕೀನಿ. ನೀ ಅಪ್ಪನ ಮೈಯಂವ. ಒಂದಿನ ಅಲ್ಲಿಗೇ ಬರತೀ ಅಂತ ಗೊತ್ತಿತ್ತು."

ಸೋಪಾನ ಆ ಗೆರೆಯ ಮೇಲೆ ಬೆರಳು ಎಳೆದ. "ಅವತ್ತ... ಅದು ಆಯೇರಿ ಇತ್ತು ಅಣ್ಣಾ. ಮಾವ ಕೋಣಿಗೇ ಬಂದಿದ್ದ. ನಾ ಅಂದೆ, ಅಣ್ಣ ಹೊಲದಾನ ಅಂತ ಅಂದೆ."

"ಅಂದಿದ್ಯಾ?"

"ಅಂದೆ. ಜೋರಾಗಿ ಅನ್ನಲಿಲ್ಲ."

ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಬಿದ್ದಿದ್ದ ಮಾತು ಕೊನೆಗೂ ಹೊರಗೆ ಬಂತು. ಏಕನಾಥ ಕಾಣದ ಕಣ್ಣುಗಳನ್ನು ಒರೆಸಿಕೊಂಡು, "ಜೋರಾಗಿ ಅನ್ನಬೇಕಿತ್ತೋ, ಹುಚ್ಚ ಸೂಳಿಮಗನ" ಎಂದ. ಅವನ ಬಾಯಲ್ಲಿ ಆ ಬೈಗುಳ ಕೇಳಿ ಸೋಪಾನ ನಕ್ಕ.

ಆ ಗೆರೆಯ ಮೇಲೇ ಸೋಪಾನ ಕೋಟನ್ನು ಮತ್ತೆ ಹೊಲಿದ. ಒಂದು ನೂಲೂ ಆಚೀಚೆ ಆಗಲಿಲ್ಲ.

ಮುಕ್ತಾಳ ಮದುವೆಯ ದಿನ, ಮಂಟಪದ ಬಾಗಿಲಲ್ಲಿ, ಇಂದಿರಾ ಗಂಡನ ಕೈ ಹಿಡಿದು ನಿಲ್ಲಿಸಿದ್ದಳು. ಸೋಪಾನ ಬಂದ. "ಬಂದೀನಿ ಅಣ್ಣಾ" ಎಂದ. ಏಕನಾಥ ಎರಡೂ ಕೈ ಎತ್ತಿ ತಮ್ಮನ ಭುಜ ಹುಡುಕಿದ. ಕೊರಳಪಟ್ಟಿ ಸವರಿದ. "ಬಲಗಡೆ ಭುಜ ಇಳದೈತಿ, ಯಂತ್ರದ ಮ್ಯಾಲ ಓರೆ ಕುಂದ್ರತೀ ನೀ" ಎಂದ. ಬೆನ್ನು ಸವರಿದ, ಮಗ್ಗುಲು ಸವರಿದ, ಹೊಟ್ಟೆಯ ಮೇಲೆ ಕೈ ಇಟ್ಟು "ಅಪ್ಪ" ಎಂದು ನಕ್ಕ. ಕೊನೆಗೆ ಅವನ ಅಂಗೈ ಎಡಗಡೆಯ ಎದೆಗೆ ಬಂದು ನಿಂತಿತು. ಮೇಲಿನಿಂದ ಒತ್ತಿ, ಬಟ್ಟೆಯ ಒಳಗೆ ನಾನಿದ್ದೇನೋ ಇಲ್ಲವೋ ಎಂದು ನೋಡಿದ. ಅವನಿಗೆ ತನ್ನ ಕೋಟನ್ನು ತಮ್ಮನ ಮೈಮೇಲೆ ಕಣ್ಣಾರೆ ಕಾಣುವುದು ಬರೆದಿರಲಿಲ್ಲ. ನನ್ನನ್ನು ಮುಟ್ಟಿಯೇ ಕಂಡ.

"ನೆರಿಗಿ ಇಲ್ಲ" ಎಂದ.

ಒಂದು ಕಡೆ ಸೋಪಾನನ ಎದೆ, ಇನ್ನೊಂದು ಕಡೆ ಏಕನಾಥನ ಅಂಗೈ. ಆ ಕೈಯನ್ನು ಅವನು ಬೇಗ ತೆಗೆಯಲಿಲ್ಲ.

ಈಗ ನಾನು ಮತ್ತೆ ಕಪಾಟಿನಲ್ಲಿದ್ದೇನೆ, ಸೋಪಾನನ ಮನೆಯದು. ಕತ್ತಲೆ ಅದೇ ಕತ್ತಲೆ, ಡಾಂಬರ ಗುಳಿಗೆಯೂ ಅದೇ. ಅಣ್ಣ ತಮ್ಮ ದಿನಾ ಸಂಜೆ ಕಟ್ಟೆಯ ಮೇಲೆ ಕೂಡುತ್ತಾರೆ, ಮಾತು ಹೆಚ್ಚಿಲ್ಲ. ಇಷ್ಟು ವರ್ಷ ಆಡದ ಮಾತು ಒಮ್ಮೆಲೇ ನೆನಪಿಗೆ ಬರುವುದಿಲ್ಲ. ಹೋದ ಕಾಲವನ್ನು ಬಿಚ್ಚಿ ಮತ್ತೆ ಹೊಲಿಯಲು ಯಾರೂ ಅದರ ಬದಿಗೆ ಬಟ್ಟೆ ಬಿಟ್ಟಿರುವುದಿಲ್ಲ. ಒಂಟಿತನ ನನ್ನನ್ನು ಬಿಟ್ಟು ಹೋಯಿತು ಎಂದರೆ ಸುಳ್ಳಾದೀತು. ಆದರೆ ಈ ಕೋಟಿಗೆ ಈಗ ಒಬ್ಬನ ಬೆವರಿನ ವಾಸನೆ ಇದೆ. ಎದೆಯ ಹತ್ತಿರ ಹೊರಮೈಯಲ್ಲಿ, ಏಕನಾಥನ ಅಂಗೈಯ ಒಂದು ಮಾಸಲು ಗುರುತು ಇದೆ. ವತ್ಸಲಾ ಒಗೆಯಲು ಹೋದಾಗ ಸೋಪಾನ ಬೇಡವೆಂದ.